ಬೊಲೆರೋಕ್ಕೊಂದು ಸೊಂಡಿಲು

ಖರೇ ಹೇಳ್ರಿ. ನಿನ್ನಿ ರಾತ್ರಿ ಮನಿ ಮಂದಿ ಎಲ್ಲಾ ಮಲಗಿದ ಮ್ಯಾಲ, ಚಾದರ ಮುಸುಕು ಹಾಕ್ಕೊಂಡು, ಮೊಬೈಲಿನ ಸೌಂಡ್ ಬಂದ್ ಮಾಡಿ ನೀವು ಏನು ನೋಡಾಕತ್ತಿದ್ರಿ? ಗಾಬರಿ ಆಗಬ್ಯಾಡ್ರಿ, ನಾನೂ ಅದನ್ನ ನೋಡತೀನಿ. ಲಡಾಖಿನ ಯಾವುದೋ ಹೊಳಿಯಾಗ ಯಾರದೋ ಗಾಡಿ ನೀರು ಸೀಳ್ಕೊಂಡು ಹೊಂಟಿರತೈತಿ. ನೆತ್ತಿ ಮ್ಯಾಲ ಡೇರೆ, ಮುಂದ ಎಂಟು ಲೈಟು, ಮಗ್ಗಲದಾಗ ಆನಿ ಸೊಂಡಿಲಿನಂಥ ಒಂದು ಕರೀ ಪೈಪು. ನೋಡಿ ನೋಡಿ ನಿಮಗ ಅನಸತೈತಿ: ನಮ್ಮ ಬಾಗಲದಾಗೂ ಒಂದು ಗಾಡಿ ನಿಂತೈತಲ್ಲ!

ನಿಂತೈತಿ ಅನ್ನೂದಂತೂ ಖರೆ. ಹದಿನಾಲ್ಕು ವರ್ಷದ ಬೊಲೆರೋ, ಕೆಎ-26 ನಂಬರು. ಬಾನೆಟ್ ಮ್ಯಾಲ ಓಣಿ ಬೆಕ್ಕು ಮಲಗತೈತಿ, ಹಿಂದಿನ ಸೀಟಿನ ಸಂದ್ಯಾಗ ಹೋದ ಸುಗ್ಗಿಯ ಕಡ್ಲಿ ಹೊಟ್ಟು ಇನ್ನೂ ಐತಿ. ಆದ್ರ ಇವತ್ತು ಮುಂಜಾನಿಂದ ಅದು ನಿಮಗ ಬೊಲೆರೋ ಅಲ್ಲ, ‘ಎಕ್ಸ್‌ಪೆಡಿಶನ್ ವೆಹಿಕಲ್’. (ಕನ್ನಡಿ ಮುಂದ ಎರಡು ಸಲ ಅಂದು ನೋಡಿದ್ರಿ, ಹೌದಲ್ಲೋ?)

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಇಂಥ ಗಾಡಿಗೇನು ಬರ ಇಲ್ಲ. 1994ಕ್ಕ ಸುಮೋ ಬಂತು, 2000ಕ್ಕ ಬೊಲೆರೋ, ಕ್ವಾಲಿಸ್ ಎರಡೂ ಬಂದ್ವು, 2002ಕ್ಕ ಸ್ಕಾರ್ಪಿಯೋ ಬಂತು. ಬೆಂಗಳೂರಿನವರು ಅವನ್ನ ಎಸ್‌ಯುವಿ ಅಂದ್ರು. ನಾವು ಬರೇ ‘ಗಾಡಿ’ ಅಂದ್ವಿ. ಏಳು ಸೀಟಿನ್ಯಾಗ ಹದಿನಾಲ್ಕು ಮಂದಿ, ಮ್ಯಾಲಿನ ಕ್ಯಾರಿಯರ್‌ಗೆ ಶೇಂಗಾ ಚೀಲ, ಕಾಲ ಸಂದ್ಯಾಗ ಒಂದು ಕೋಳಿ. ಅಷ್ಟೂ ಹೊತ್ಕೊಂಡು ಅದು ಮದುವಿಗೂ ಹೋತು, ಮಣ್ಣಿಗೂ ಹೋತು, ಆಸ್ಪತ್ರಿಗೂ ಹೋತು. ಈಗ ಅದಕ್ಕ ವಯಸ್ಸಾಗಿ ವಿಶ್ರಾಂತಿ ತಗೊಳ್ಳೂ ಹೊತ್ತಿನ್ಯಾಗ ನಿಮಗ ಅದನ್ನ ಲಡಾಖಿಗೆ ಕಳಸೂ ಆಸೆ.

ಸರಿ, ಕಳಸೂಣಂತ. ಮೊದಲ ಏನು ತಗೊಂಡ್ರಿ? ನಾನs ಹೇಳ್ಲಾ? ಲೈಟು! ಎಲ್ಲಾರೂ ಮೊದಲ ಅದನ್ನs ತಗೋತಾರ. ಆನ್‌ಲೈನ್‌ನ್ಯಾಗ ಒಂದು ಉದ್ದಾನ ಎಲ್‌ಇಡಿ ಪಟ್ಟಿ ತರಿಸಿ, ರಾತ್ರಿ ಓಣ್ಯಾಗ ಹಚ್ಚಿ ನೋಡಿ, ಎದುರು ಮನಿಯ ಅಜ್ಜ ಬೆಳಕು ಹರೀತು ಅಂತ ಎದ್ದು ಮುಖ ತೊಳಕೊಂಡ ಮ್ಯಾಲ ನಿಮಗ ಸಮಾಧಾನ.

ಆ ಲೈಟು ಹಚ್ಕೊಂಡು ಗದಗ ರಸ್ತೆಗೆ ಇಳೀಬ್ಯಾಡ್ರಿ ಮತ್ತ. ಎದುರಿನವರ ಕಣ್ಣು ಕುಕ್ಕೂ ಲೈಟಿನ ಮ್ಯಾಲ 2024ರ ಜುಲೈದಿಂದ ರಾಜ್ಯದ ಪೊಲೀಸರು ಕೇಸ್ ಹಾಕಾಕ ಹತ್ಯಾರ. ಮುಂದಿನ ಕಬ್ಬಿಣದ ಬುಲ್ ಬಾರ್? ಅದನ್ನ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನ್ಯಾಗs ಬ್ಯಾಡ ಅಂದೈತಿ. ಡಿಕ್ಕಿ ಆದ್ರ ಪೆಟ್ಟು ನೆಟ್ಟಗ ಚಾಸಿಗೆ ಹೊಡೀತೈತಿ, ಏರ್‌ಬ್ಯಾಗ್ ಇದ್ದ ಗಾಡ್ಯಾಗ ಅದು ಹೊತ್ತಿಗೆ ಸರಿಯಾಗಿ ಬಿಚ್ಚೂದಿಲ್ಲ. ಇನ್ನ ಎದುರಿಗೆ ಬಂದ ಸೈಕಲ್ಲಿನವನ ಗತಿ ಕೇಳೂದs ಬ್ಯಾಡ. (ಆದ್ರ ಫೋಟೋದಾಗ ಛಲೋ ಕಾಣತೈತಿ, ಅಲ್ರೀ? ಗೊತ್ತು, ಗೊತ್ತು.)

ಮತ್ತ ಹದಿನೈದು ವರ್ಷ ತುಂಬಿದ ದಿನ ಆರ್‌ಟಿಓ ಸಾಹೇಬ್ರ ಮುಂದ ಗಾಡಿ ನಿಲ್ಲಿಸಬೇಕು, ನೆನಪೈತೇನು? ಅಲ್ಲಿಂದ ಮುಂದ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸೂದು. 600 ರೂಪಾಯಿ ಇದ್ದ ಫೀ 2022ರ ಏಪ್ರಿಲ್‌ಗೆ 5,000 ಆತು. ಕಂಪನಿ ಕೊಟ್ಟ ಅಳತಿ ಬಿಟ್ಟು ಗಾಡಿಯ ರೂಪ ಬದಲಿ ಮಾಡಂಗಿಲ್ಲ ಅಂತ ಸುಪ್ರೀಂ ಕೋರ್ಟು 2019ರಾಗs ಹೇಳೇತಿ. ನಿಮ್ಮ ಸೊಂಡಿಲು ನೋಡಿ ಸಾಹೇಬ್ರು ನಕ್ಕು ಬಿಡತಾರೋ, ಬಿಚ್ಚಿಸಿ ಕೈಯಾಗ ಕೊಡತಾರೋ, ಅದು ನಿಮ್ಮ ನಸೀಬ.

ಸೊಂಡಿಲು ಅಂದ್ನಲ್ಲ, ಅದರ ಮಾತು ಸ್ವಲ್ಪ ಆಡೂಣು. ಅದಕ್ಕ ಸ್ನಾರ್ಕೆಲ್ ಅಂತಾರ. ಎಂಜಿನ್ನು ಉಸಿರು ಎಳಕೊಳ್ಳೂ ಮೂಗನ್ನ ಮ್ಯಾಲ, ಗಾಜಿನ ಮಟಕ್ಕ ತಂದು ಇಡೂ ಪೈಪು. ಡೀಸೆಲ್ ಎಂಜಿನ್ನಿನ ಹೊಟ್ಟ್ಯಾಗ ನೀರು ಹೋದ್ರ ಗಾಳಿಯಂಗ ಅದನ್ನ ಒತ್ತಾಕ ಬರೂದಿಲ್ಲ. ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿ, ಎಂಜಿನ್ನು ‘ಕಟ್’ ಅಂತ ನಿಂತು ಬಿಡತೈತಿ. ಅದಕ್ಕ ಪೈಪು. ನಮ್ಮ ಗಾಡಿಗೂ ಒಂದು ಹಚ್ಚಿಸಿದ್ದೆ. ನಮ್ಮ ಮನಿ ಹುಡುಗರು ಅದನ್ನ ನೋಡಿದ್ದs ತಡ, ಗಾಡಿಗೆ ‘ಗಜೇಂದ್ರ’ ಅಂತ ಹೆಸರು ಇಟ್ಟವು. ಗಜೇಂದ್ರಗಡದ ಬೀಗರ ಮನಿಗೆ ಹೋಗೂ ಗಾಡಿಗೆ ಸೊಂಡಿಲು ಇದ್ರ ತಪ್ಪೇನು, ಅಂತ ನನಗೂ ಅನಿಸ್ತು.

ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನೀವು ಆ ಸೊಂಡಿಲು ಹಚ್ಕೊಂಡು ದಾಟೂ ಹೊಳಿ ಯಾವುದು? ಬೆಣ್ಣಿಹಳ್ಳ? ಹಂಗಿದ್ರ ಮೊದಲ ಮನ್ಯಾಗ ಕಾಗದಪತ್ರ ಎಲ್ಲೆಲ್ಲಿ ಅದಾವು ಅಂತ ಹೇಳಿ ಹೋಗ್ರಿ!

ಬೆಣ್ಣಿಹಳ್ಳದ ಸ್ವಭಾವ ನಿಮಗ ನಾ ಹೇಳಬೇಕಾ? ಇಲ್ಲಿ ಯಾವಗಲ್ಲಿನ್ಯಾಗ ಬಿಸಲು ಹೊಡದಿರತೈತಿ, ಮಂದಿ ಶೇಂಗಾ ಒಣಗಿಸಾಕ ಹಾಕಿರತಾರ. ಮ್ಯಾಲ ಹುಬ್ಬಳ್ಳಿ, ನವಲಗುಂದದ ಕಡೆ ಸುರಿದ ಮಳಿ ಸಂಜಿಕ ಇಲ್ಲಿಗೆ ಬಂದು ರಸ್ತೆ ಮ್ಯಾಲ ಕುಂದರತೈತಿ. ಬಸ್ಸು ನಿಂತ್ವು, ಲಾರಿ ನಿಂತ್ವು. ಹರಿಯೂ ನೀರು ಒಂದು ಫೂಟು ಇದ್ರ ಸಣ್ಣ ಕಾರನ್ನ ತೇಲಸತೈತಿ, ಎರಡು ಫೂಟು ಇದ್ರ ಇಂಥ ಗಜೇಂದ್ರನ್ನೂ ಮಗ್ಗಲಿಗೆ ತಳ್ಳಿಕೊಂಡು ಹೋಗತೈತಿ. ಸೊಂಡಿಲು ಎಂಜಿನ್ನಿಗೆ ಉಸಿರು ಕೊಡತೈತಿ, ಒಪ್ಪಿದೆ. ಡ್ರೈವರ್‌ಗೆ ಯಾರು ಕೊಡಬೇಕು?

2019ರ ಆಗಸ್ಟಿನ್ಯಾಗ ಮಲಪ್ರಭಾ ಬಂದಾಗ ಕೊಣ್ಣೂರಿನ ಹೆದ್ದಾರಿ, ಹೊಳಿಆಲೂರಿನ ಓಣಿ ಏನಾಗಿದ್ವು ಅಂತ ಕಣ್ಣಿಲೆ ಕಂಡ ಮಂದಿ ನೀವು. ನೀರು ಬಂದ್ರ ದಂಡಿ ಮ್ಯಾಲ ನಿಂತು ಚಾ ಕುಡಿಯೂದು ನಮ್ಮ ಹಿರ್ಯಾರ ಪದ್ಧತಿ. ಆ ಪದ್ಧತಿಗೆ ಯಾವ ಕಂಪನಿಯೂ ಬಿಡಿಭಾಗ ಮಾಡಿಲ್ಲ.

ಇನ್ನ ಟಯರು. ಇಲ್ಲಿ ನನ್ನ ಮರ್ಯಾದಿ ನಾನs ಕಳ್ಕೋಬೇಕು, ನಗಬ್ಯಾಡ್ರಿ. (ನಕ್ರ ನಗ್ರಿ. ನಮ್ಮ ಮನ್ಯಾಕಿ ಇನ್ನೂ ನಗಾಕತ್ತಾಳ.)

ಹೋದ ವರ್ಷ ಹಸ್ತ ಮಳಿ ಹಿಡಿದಿತ್ತು. ನಾಲ್ಕು ಹೊಸ ಬಟನ್ ಟಯರು ಹಾಕಿಸಿದ್ದೆ. ಗಾಲಿ ನೋಡಿದ್ರ ಟ್ಯಾಂಕಿನಂಗ ಇದ್ವು. ಅವ್ವ, ಹೆಂಡ್ತಿ, ಎರಡು ಹುಡುಗ್ರು, ಒಂದು ಡಬ್ಬಿ ರೊಟ್ಟಿ, ಬದನಿ ಎಣ್ಣಿಗಾಯಿ, ಗುರೆಳ್ಳು ಚಟ್ನಿ. ರೋಣದಿಂದ ಸೂಡಿಗೆ ಹೊಂಟಿದ್ವಿ. ಡಾಂಬರು ರಸ್ತೆ ನೆಟ್ಟಗ ಐತಿ, ಬಸ್ಸು ಹೋಗತಾವು. ಆದ್ರ ಬಸ್ಸು ಹೋಗೂ ದಾರಿಗೆ ಬಟನ್ ಟಯರು ಯಾಕ ಬೇಕು? ಮೊಬೈಲಿನ ಮ್ಯಾಪಿನ್ಯಾಗ ಕೂದಲಿನಂಥ ಒಂದು ಹೊಲದ ದಾರಿ ಕಂಡ್ತು. ತಿರುಗಿಸೇ ಬಿಟ್ಟೆ.

ಬೇವಿನ ಗಿಡದ ಕೆಳಗ ಒಬ್ಬ ರೈತ ಕುಂತಿದ್ದ. ಎದ್ದು ಬಂದು, “ಸರ, ಆ ದಾರಿ ಬ್ಯಾಡ್ರಿ, ರಾತ್ರಿ ಮಳಿ ಆಗೇತಿ” ಅಂದ. ನಾನು ಬಾಯಿಲೆ ಏನೂ ಅನ್ನಲಿಲ್ಲ. ಕಿಟಕ್ಯಾಗಿಂದ ಕೈ ಹೊರಗ ಹಾಕಿ ಟಯರು ತೋರಿಸಿದೆ. ಅಂವ ಟಯರು ನೋಡಿದ, ನನ್ನ ನೋಡಿದ, ಹೋಗಿ ಮತ್ತ ಗಿಡದ ಕೆಳಗ ಕುಂತ. (ಗಿಡ ಬಿಟ್ಟು ಮನಿಗೆ ಹೋಗಲಿಲ್ಲ ನೋಡ್ರಿ, ಅಲ್ಲೇ ಕುಂತ. ಅದರ ಅರ್ಥ ನನಗ ಆಮ್ಯಾಲ ಆತು.)

ಎರೀ ಮಣ್ಣು ಅಂದ್ರ ಏನು ಅಂತ ವಿಡಿಯೋ ಮಾಡೂ ಮಂದಿಗೆ ಗೊತ್ತಿಲ್ರಿ. ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಾಯಿ ಬಿಡೂ ಮಣ್ಣು, ಮಳ್ಯಾಗ ಅಷ್ಟೂ ನೀರು ಕುಡದು ಉಬ್ಬತೈತಿ. ಕಾಲಿಟ್ರ ಚಪ್ಪಲಿ ಅದರದು, ಕಾಲು ನಿಮ್ಮದು. ಉಸುಕಿನ್ಯಾಗ ಟಯರಿನ ಹವಾ ಇಳಿಸಿದ್ರ ಗಾಡಿ ತೇಲಿ ಹೋಗತೈತಿ, ಕಲ್ಲಿನ್ಯಾಗ ಬಟನ್ ಹಿಡೀತೈತಿ. ಎರಿಯಾಗ ಹಂಗಲ್ಲ. ಮೊದಲನೇ ಸುತ್ತಿಗೆ ಬಟನ್ನಿನ ಸಂದಿ ತುಂಬಿತು, ಎರಡನೇ ಸುತ್ತಿಗೆ ಗಾಲಿ ಯಾವುದು, ಹೆಂಟಿ ಯಾವುದು ಗೊತ್ತಾಗದಂಗ ಆತು, ಮೂರನೇ ಸುತ್ತಿಗೆ ಮಡ್‌ಗಾರ್ಡಿನ ತನಕ ಮಣ್ಣು ಗಿಡದು ಗಾಲಿ ತಿರುಗೂದs ಬಿಡ್ತು. ಆ ಹೊತ್ತಿನ್ಯಾಗ ಎರಡು ಗಾಲಿ ಎಳದ್ರೇನು, ನಾಲ್ಕು ಎಳದ್ರೇನು!

ನಾನು ಇಳದೆ. ಅದೂ ಆನ್‌ಲೈನ್‌ನ್ಯಾಗ ತರಿಸಿದ ಮಡಚೂ ಸಲಿಕಿ ತಗದೆ. ಒಂದು ಹೆಂಟಿ ಎತ್ತೂದ್ರಾಗ ಸಲಿಕಿ ತಾನs ಮಡಚಿಕೊಂತು. ಒಳಗಿಂದ ಅವ್ವ, “ತಮ್ಮಾ, ಮ್ಯಾಲ ಹಚ್ಚಿಸಿದಿಯಲ್ಲ ಆ ಲೈಟು, ಹಚ್ಚಿ ನೋಡ” ಅಂದ್ಲು. ಹಗಲು ಹನ್ನೊಂದು ಗಂಟೆ! ಚ್ಯಾಷ್ಟಿಗೆ ಅಂದ್ಲೋ, ಖರೆ ಅಂದ್ಲೋ, ಇವತ್ತಿಗೂ ತಿಳದಿಲ್ಲ.

ಪುರಾಣದ ಗಜೇಂದ್ರ ಕರದಾಗ ಹರಿ ಗರುಡನ ಮ್ಯಾಲ ಬಂದ. ನಮ್ಮ ಗಜೇಂದ್ರ ಕರೀಲಿಲ್ಲ (ಹಾರ್ನ್ ಮೊದಲs ಕೆಟ್ಟಿತ್ತು), ಆದ್ರೂ ಬೇವಿನ ಗಿಡದಂವ ಟ್ರ್ಯಾಕ್ಟರ್ ಮ್ಯಾಲ ಬಂದ. ದಾರಿ ಹೊರಗ ಗಟ್ಟಿ ಗರಸಿನ ಮ್ಯಾಲ ಟ್ರ್ಯಾಕ್ಟರ್ ನಿಲ್ಲಿಸಿ, ಉದ್ದಾನ ಹಗ್ಗ ಒಗದು, ಮಕ್ಕಳನ್ನ ಇಳಿಸಿ, ಕಟ್ಟಿಗಿ ತಗೊಂಡು ಗಾಲ್ಯಾಗಿನ ಮಣ್ಣು ಕೆತ್ತಿದ. ಅರ್ಧ ತಾಸಿನ್ಯಾಗ ಗಾಡಿ ಹಿಂದಕ್ಕ ಬಂತು. ರೊಕ್ಕ ಕೊಡಾಕ ಹೋದ್ರ ಮುಟ್ಟಲಿಲ್ಲ. ಹೆಂಡ್ತಿ ಕೊಟ್ಟ ರೊಟ್ಟಿ, ಎಣ್ಣಿಗಾಯಿ ತಗೊಂಡು ತಿಂತಾ ಅಂದ: “ಗಾಡಿ ಛಲೋ ಐತ್ರಿ ಸರ. ಒಂದು ದಿನ ತಡದು ಬಂದಿದ್ರ ಇನ್ನೂ ಛಲೋ ಇರತಿತ್ತ್ರಿ.”

ಹಿಂಗ್ಯಾಕ ಆಗತೈತಿ ಅಂತ ಆಮ್ಯಾಲ ಕುಂತು ಲೆಕ್ಕ ಹಾಕಿದೆ. ನಾವು ಗಾಡಿಗೆ ಮ್ಯಾಲಿಂದ ಕೆಳಗ ಖರ್ಚು ಮಾಡತೀವ್ರಿ. ಮೊದಲ ನೆತ್ತಿ, ಆಮ್ಯಾಲ ಮುಖ, ಕಡೀಕ ರೊಕ್ಕ ಉಳದ್ರ ಕಾಲು. ಮಗಳ ಮದುವ್ಯಾಗ ಪೆಂಡಾಲಿಗೆ ಲಕ್ಷ ಖರ್ಚು ಮಾಡಿ ಅನ್ನಕ್ಕ ಉಪ್ಪು ಮರತಂಗ. ಗಾಡಿಯ ಕೆಲಸ ಕೆಳಗಿಂದ ಸುರು ಆಗಬೇಕು. ಆದ್ರ ಕೆಳಗ ಮಾಡಿಸಿದ್ದು ಯಾರಿಗೂ ಕಾಣೂದಿಲ್ಲ, ಅಲ್ಲೇ ಐತಿ ನಿಮ್ಮ ತ್ರಾಸು!

“ರೀ, ಏನ್ ಮಾಡಿಸಿದ್ರಿ?” ಅಂತ ಬೀಗರು ಕೇಳಿದ್ರ ಎಂಟು ಲೈಟು ತೋರಿಸಬಹುದು. ಹಿಂದಿನ ಪಾಟಾದ ಬುಶ್ ಬದಲಿ ಮಾಡಿಸೀನಿ, ರೇಡಿಯೇಟರಿನ ಹಳೇ ಹೋಸ್ ಪೈಪು ತಗಿಸೀನಿ, ಬ್ರೇಕ್ ಆಯಿಲ್ ಹೊಸದು ಹಾಕಿಸೀನಿ ಅಂದ್ರ ಯಾವ ಬೀಗರು ಬಗ್ಗಿ ನೋಡತಾರ? ಆದ್ರ ಚೈತ್ರದ ಬಿಸಲಾಗ ಗಜೇಂದ್ರಗಡದ ಗುಡ್ಡ ಏರೂವಾಗ ಬಾನೆಟ್ಟಿನಿಂದ ಹಬಿ ಬರದಂಗ ಕಾಯೂದು ಆ ನಾಲ್ಕು ನೂರರ ಪೈಪs ಹೊರತು ಎಂಟು ಲೈಟಲ್ಲ.

ಈಗ ಎದ್ದು ಒಂದು ಕೆಲಸ ಮಾಡ್ರಿ. ಹೊರಗ ಹೋಗಿ ನಿಮ್ಮ ಟಯರಿನ ಮಗ್ಗಲು ನೋಡ್ರಿ. ‘ಡಾಟ್’ ಅಂತ ಬರದ ಸಾಲಿನ ಕಡೀಕ ನಾಲ್ಕು ಅಂಕಿ ಇರತಾವು. 2314 ಅಂತ ಇದ್ರ 2014ರ 23ನೇ ವಾರದಾಗ ಹುಟ್ಟಿದ್ದು ಅಂತ ಅರ್ಥ. ಬಟನ್ ಇನ್ನೂ ಐತಲ್ಲ ಅಂತೀರಿ. ಬಟನ್ ಇರತೈತ್ರಿ, ರಬ್ಬರಿಗೆ ಜೀವ ಇರೂದಿಲ್ಲ. ಹೋಗಿ ಬಂದ್ರೇನು? ಮಗನ ಹುಟ್ಟಿದ ದಿನಾಂಕಕ್ಕಿಂತ ಟಯರಿಂದು ಹಳೇದು ಇತ್ತಲ್ಲ? ನನಗ ಗೊತ್ತಿತ್ತು.

ಇನ್ನ ಕ್ಯಾರಿಯರ್. ಮ್ಯಾಲ ಡೇರೆ, ಎರಡು ನೀರಿನ ಕ್ಯಾನು, ಒಂದು ಡೀಸೆಲ್ ಕ್ಯಾನು, ಸ್ಟೆಪ್ನಿ, ಸಿಲಿಂಡರ್ ಅಷ್ಟೂ ಏರಿಸಬೇಕು ಅಂತ ನಿಮ್ಮ ಪ್ಲಾನು. ಒಂದು ಲೀಟರ್ ನೀರು ಒಂದು ಕಿಲೋ. ಇಪ್ಪತ್ತು ಲೀಟರಿನ ಎರಡು ಕ್ಯಾನು ಅಂದ್ರ ನೆತ್ತಿ ಮ್ಯಾಲ ಒಂದು ಹುಡುಗನ್ನ ಕುಂದರಿಸಿದಂಗ. ಮೊದಲs ಎತ್ತರದ ಗಾಡಿ, ತಿರುವಿನ್ಯಾಗ ವಾಲತೈತಿ. ಭಾರ ಎಲ್ಲಾ ಕೆಳಗ, ಗಾಡಿಯ ನಡು ಮಧ್ಯಾಕ ಇರಬೇಕು. ಮ್ಯಾಲ ಹಾಸಿಗಿ, ತಾಡಪತ್ರಿ ಸಾಕು.

ನೀವು ಇಷ್ಟೆಲ್ಲಾ ಕುಟುಂಬದ ಸಲುವಾಗಿ ಮಾಡೂದಲ್ಲ? ಹಂಗಂತ ಹೆಂಡ್ತಿಗೆ ಹೇಳೀರಿ. ಒಂದು ಸಲರ ಆಕೀನ್ನ ಕೇಳೀರೇನು, ಏನು ಬೇಕು ಅಂತ? ನಾನು ಕೇಳಿದೆ. (ಮರ್ಯಾದಿ ಕಳಕೊಂಡ ಮ್ಯಾಲ.) “ಎಡಗಡೆ ಗಾಜು ಮೂರು ವರ್ಷದಿಂದ ಇಳ್ಯಾಕವಲ್ದು, ಅದನ್ನ ರಿಪೇರಿ ಮಾಡಿಸ್ರಿ” ಅಂದ್ಲು. ಅವ್ವಗ ಹತ್ತಾಕ ಒಂದು ಮೆಟ್ಟಲಾ, ಹಿಡಕೊಳ್ಳಾಕ ಒಂದು ಹಿಡಕಿ. ಹುಡುಗ್ರಿಗೆ ಚಾರ್ಜರ್ ಪಾಯಿಂಟು. ಎಲ್ಲಾ ಕೂಡಿ ಎರಡು ಸಾವಿರಾನೂ ಆಗಲಿಲ್ಲ. ನಾನು ಲೈಟಿಗೆ ಹಾಕಿದ್ದು ಒಂಬತ್ತು ಸಾವಿರ.

ಒಂದು ಮಾತ್ರ ನಾನs ಸೇರಿಸಿದೆ. ಹಿಂದ ಎದುರಾಬದುರಾ ಕುಂದರೂ ಸೀಟು ಐತಲ್ಲ, ಬೆಲ್ಟ್ ಇಲ್ಲದ್ದು, ಅಲ್ಲಿ ಹುಡುಗ್ರನ್ನ ಕುಂದರಿಸೂದು ಬಂದ್. ಅಲ್ಲಿ ಈಗ ಬುತ್ತಿ ಡಬ್ಬಿ, ನೀರು. ಹುಡುಗ್ರು ನಡುವಿನ ಸೀಟಿನ್ಯಾಗ, ಬೆಲ್ಟ್ ಕಟ್ಕೊಂಡು. ಎರಡು ದಿನ ಅತ್ತವು, ಮೂರನೇ ದಿನ ಮರತವು.

ಓವರ್‌ಲ್ಯಾಂಡಿಂಗ್ ಅಂತ ಇದಕ್ಕ ಹೊಸ ಹೆಸರು ಬಂದೈತಿ. 1955ರಾಗ ಆಕ್ಸ್‌ಫರ್ಡ್, ಕೇಂಬ್ರಿಜ್ಜಿನ ಆರು ಮಂದಿ ಹುಡುಗ್ರು ಎರಡು ಲ್ಯಾಂಡ್‌ರೋವರ್ ತಗೊಂಡು ಲಂಡನ್ನಿಂದ ಸಿಂಗಪುರಕ್ಕ ಹೊಂಟು, ಆರು ತಿಂಗಳಿಗೆ ಮುಟ್ಟಿದ್ರು. ದೊಡ್ಡ ಸಾಹಸ, ಇಲ್ಲ ಅನ್ನಾಂಗಿಲ್ಲ. ಆದ್ರ ಅದs ಕಾಲಕ್ಕ ನಿಮ್ಮ ಅಜ್ಜ ಏನು ಮಾಡತಿದ್ದ? ಬನದ ಹುಣ್ಣಿವಿಗೆ ಚಕ್ಕಡಿ ಕಟ್ಟಿ, ಮಂದಿ ಮಕ್ಕಳನ್ನೆಲ್ಲಾ ಹೇರಿಕೊಂಡು ಬನಶಂಕರಿ ಜಾತ್ರಿಗೆ ಹೊಂಟಿರತಿದ್ದ.

ಆ ಚಕ್ಕಡೀನ ಒಮ್ಮೆ ನೆನಪಿಸಿಕೋರಿ. ಮ್ಯಾಲ ಕೊಲ್ಲಾರಿ, ಅದೇ ಡೇರೆ. ಕೆಳಗ ಮೆತ್ತಗ ಹುಲ್ಲು, ಅದು ಹಾಸಿಗಿನೂ ಹೌದು, ದಾರ್‍ಯಾಗ ಎತ್ತಿನ ಡೀಸೆಲ್ಲೂ ಹೌದು. ಹೊಂಡೂ ಮುಂದ ಅಚ್ಚಿಗೆ ಕೀಲೆಣ್ಣಿ. (ನೋಡ್ರಿ, ಕೆಳಗಿಂದ ಸುರು!) ಬುತ್ತ್ಯಾಗ ಕಟಕ ರೊಟ್ಟಿ, ಶೇಂಗಾ ಹೋಳಿಗಿ, ಎಷ್ಟು ದಿನ ಆದ್ರೂ ಕೆಡೂದಿಲ್ಲ, ಫ್ರಿಜ್ ಬೇಡೂದಿಲ್ಲ. ಲೈಟು? ಚಕ್ಕಡಿ ಕೆಳಗ ತೂಗೂ ಒಂದು ಕಂದೀಲು. ಅಷ್ಟರಾಗ ರಾತ್ರಿ ಇಡೀ ನಡದು, ಬನಶಂಕರಿಯಾಗ ಎರಡು ಕಂಪನಿ ನಾಟಕ ನೋಡಿ, ಬಳಿ ಇಡಿಸಿಕೊಂಡು ಮನಿಗೆ ಬರತಿದ್ರು. ಮತ್ತ ಎರೀ ಹಸಿ ಇದ್ರ ಹೊಂಡತಿದ್ದಿಲ್ಲ.

ನೀವು ಲಡಾಖ್ ಅಂತೀರಿ. ಸೂಡಿ ನೋಡೀರೇನು? ಸುಳ್ಳು ಹೇಳಬ್ಯಾಡ್ರಿ, ಬಸ್ಸಿನ ಕಿಟಕ್ಯಾಗಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಎರಡು ಶಿಖರ ಎದುರಾಬದುರಾ ನಿಂತ ಜೋಡು ಕಳಸದ ಗುಡಿ, ಮೆಟ್ಟಲಾ ಇಳದು ಹೋಗೂ ನಾಗಕುಂಡ. ಅಲ್ಲಿಯ ಶಾಸನದಾಗ ಬರೂ ಅಕ್ಕಾದೇವಿ ಚಾಲುಕ್ಯ ಜಯಸಿಂಹನ ಒಡಹುಟ್ಟಿದಾಕಿ, ಕಿಸುಕಾಡು ನಾಡನ್ನ ಆಳಿದಾಕಿ. ಸುಮಾರು ಸಾವಿರ ವರ್ಷದ ಹಿಂದ ದಂಡು ಕಟ್ಕೊಂಡು ಹೋಗಿ ಗೋಕಾಕದ ಕೋಟಿಗೆ ಮುತ್ತಿಗಿ ಹಾಕಿದ್ಲು. ಆಕೀಗೆ ಸ್ನಾರ್ಕೆಲ್ ಇತ್ತೇನು?

ನರೇಗಲ್ಲಿನ ರಾಷ್ಟ್ರಕೂಟರ ಕಾಲದ ಬಸದಿ? ಗಜೇಂದ್ರಗಡದ ಮಗ್ಗಲದಾಗ ಕಾಲಕಾಲೇಶ್ವರ, ಬ್ಯಾಸಗ್ಯಾಗೂ ನೀರು ಜಿನುಗೂ ಅಂತರಗಂಗಿ? ಯುಗಾದಿ ಹಿಂದಿನ ರಾತ್ರಿ ಸುಣ್ಣ ಇಟ್ಟು ಬಂದ್ರ ಬೆಳಗಾಗೂದ್ರಾಗ ಗುಡಿಗೆ ತಾನs ಸುಣ್ಣ ಹಚ್ಚಿರತೈತಿ ಅಂತಾರ. (ನಿಮ್ಮ ಗಾಡಿಗೂ ಬಣ್ಣ ಹಂಗs ಹತ್ತತೈತೇನೋ ಅಂತ ಡಬ್ಬಿ ಇಟ್ಟು ಬರಬ್ಯಾಡ್ರಿ.) ನರಗುಂದದ ಗುಡ್ಡ, 1858ರಾಗ ಬಾಬಾಸಾಹೇಬ ಕಂಪನಿ ಸರ್ಕಾರದ ಎದುರು ನಿಂತ ಕೋಟಿ, ಅದನ್ನ ಹುಡುಗ್ರಿಗೆ ಎಂದರ ಹತ್ತಿಸೀರಾ? ಆ ಗುಡ್ಡ ಕಾಲಿಲೆ ಹತ್ತೂದು. ಗಾಡಿ ಕೆಳಗ ನೆರಳಾಗ ನಿಲ್ಲಲಿ, ಅದಕ್ಕೂ ಹದಿನಾಲ್ಕು ವರ್ಷ ಆತು.

ಅವತ್ತು ನಾವೂ ಕಡೀಕ ಸೂಡಿ ಮುಟ್ಟಿದ್ವಿ, ಬಸ್ಸಿನ ದಾರಿಲೆ. ನಾಗಕುಂಡದ ಮೆಟ್ಟಲದ ಮ್ಯಾಲ ಕುಂತು ಉಳದ ರೊಟ್ಟಿ ತಿಂದ್ವಿ. ಹಿಂದ ಬರೂವಾಗ ಜಾಲಿ ಮುಳ್ಳು ಚುಚ್ಚಿ ಮುಂದಿನ ಗಾಲಿ ಪಂಚರ್ ಆತು. ಸ್ಟೆಪ್ನಿ ಇಳಿಸಿದ್ರ ಅದರಾಗ ಹನಿ ಹವಾ ಇಲ್ಲ! ಎಂಟು ಲೈಟು ಹಚ್ಚಿದ ಗಾಡಿ ಬಿಟ್ಟು, ಸ್ಟೆಪ್ನಿ ತೊಡಿ ಮ್ಯಾಲ ಇಟ್ಕೊಂಡು ಟಂಟಂದಾಗ ರೋಣಕ್ಕ ಬಂದೆ.

ಈ ರವಿವಾರ ನೀವೂ ಹೋಗಿ ಬರ್ರಿ. ಮುಂಜಾನೆ ಆರಕ್ಕ ಬಿಡ್ರಿ, ಡಾಂಬರು ದಾರಿ ಹಿಡೀರಿ, ಅವ್ವನ್ನ ಕಿಟಕಿ ಮಗ್ಗಲದಾಗ ಕುಂದರಿಸ್ರಿ. ಸ್ಟೆಪ್ನಿಯಾಗ ಹವಾ ಐತೋ ಇಲ್ಲೋ, ಅದನ್ನ ಮಾತ್ರ ಶನಿವಾರ ಸಂಜೀಕೆ ನೋಡಿ ಇಡ್ರಿ.